ಬಾಂದ್ರಾದ ಮಳೆ ಯಾರ ಲೆಕ್ಕಕ್ಕೆ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಯ ವಾಟ್ಸಾಪ್ ಬಳಗಕ್ಕೆ ಬೆಳಗಾಗುವುದು ಎಂಟೂವರೆಗೆ. ಕೊಪ್ಪದ ಹತ್ತಿರ ತೋಟ ನೋಡಿಕೊಂಡಿರುವ ಅಣ್ಣ, ಅಂಗಳದ ಮಳೆಮಾಪಕದ ನೀರನ್ನು ಅಳತೆ ಗ್ಲಾಸಿಗೆ ಸುರಿದು ನೋಡಿ, "ಮೂರು ಇಂಚು ನಲವತ್ತು ಸೆಂಟ್" ಎಂದು ಬರೆಯುತ್ತಾನೆ. ಐದು ನಿಮಿಷದಲ್ಲಿ ಬಾಳೆಹೊನ್ನೂರಿನ ಭಾವನ ಉತ್ತರ: "ನಮ್ಮಲ್ಲಿ ನಾಲ್ಕು ಹತ್ತು." ಅಣ್ಣನಿಗೆ ಆ ದಿನದ ತಿಂಡಿ ಅಷ್ಟಾಗಿ ರುಚಿಸುವುದಿಲ್ಲ ಎಂದು ಅತ್ತಿಗೆ ಹೇಳುತ್ತಾಳೆ. ಬೆಂಗಳೂರಿನ ಅಕ್ಕ "ಇಲ್ಲಿ ಬರೀ ಮೋಡ" ಎಂದು ನಿಟ್ಟುಸಿರು ಬಿಡುತ್ತಾಳೆ. ಟೊರೊಂಟೊದಲ್ಲಿರುವ ಅವಳ ಮಗ ಮಳೆಗಾಲವಿಡೀ ತೆಪ್ಪಗಿದ್ದು, ಜನವರಿಯಲ್ಲಿ ಮೈಕೊಡವಿ ಎದ್ದು, ಮೈನಸ್ ಹದಿನೆಂಟು, ಕಾರಿನ ಮೇಲೆ ಒಂದಡಿ ಹಿಮ ಎಂದು ಚಿತ್ರ ಹಾಕಿ ಎಲ್ಲರ ಬಾಯಿ ಮುಚ್ಚಿಸುತ್ತಾನೆ. ಹಿಮದ ಮುಂದೆ ಯಾರ ಮಳೆಯೂ ನಡೆಯುವುದಿಲ್ಲ.

ಕಡೆಗೆ ಅಣ್ಣ ಕೇಳುತ್ತಾನೆ: "ಬಾಂದ್ರಾದಲ್ಲಿ ಎಷ್ಟು?"

ಮೂವತ್ತು ವರ್ಷದಿಂದ ಈ ಊರಲ್ಲಿದ್ದೇನೆ. ಆ ಪ್ರಶ್ನೆಗೆ ನೇರವಾದ ಉತ್ತರ ನನ್ನಲ್ಲಿ ಇರಲೇ ಇಲ್ಲ. ಮುಂಬಯಿಯ ಮಳೆ ಎಂದರೆ ಪತ್ರಿಕೆಯಲ್ಲಿ ಬರುವುದು ಎರಡು ಅಂಕಿ. ಒಂದು ಕೊಲಾಬಾದ್ದು, ಇನ್ನೊಂದು ಸಾಂತಾಕ್ರೂಜ್‌ನದು. ಕೊಲಾಬಾ ಎಂದರೆ 'ಶಹರ', ಸಾಂತಾಕ್ರೂಜ್ ಎಂದರೆ 'ಉಪನಗರ'. ಒಂದೂಕಾಲು ಕೋಟಿಗೂ ಮಿಕ್ಕಿದ ಜನ ಈ ಎರಡರಲ್ಲಿ ಯಾವುದೋ ಒಂದರ ಕೆಳಗೆ ತಲೆ ತೂರಿಸಿಕೊಳ್ಳಬೇಕು. ಆಡಳಿತದ ಲೆಕ್ಕದಲ್ಲಿ ಮಾಹಿಮ್ ಕೊಲ್ಲಿ ದಾಟಿದರೆ ಉಪನಗರ ಶುರು, ಹಾಗಾಗಿ ಬಾಂದ್ರಾ ಸಾಂತಾಕ್ರೂಜ್‌ನ ಪಾಲು. ಆದರೆ ಬ್ಯಾಂಡ್‌ಸ್ಟ್ಯಾಂಡ್‌ನ ಕಲ್ಲುಗಳ ಮೇಲೆ ನಿಂತವರಿಗೆ ಗೊತ್ತು, ಪಶ್ಚಿಮಕ್ಕೆ ಕಡಲು, ದಕ್ಷಿಣಕ್ಕೆ ಕೊಲ್ಲಿ, ಅಲ್ಲಿಯ ಗಾಳಿ ಕೊಲಾಬಾದ ಗಾಳಿಯ ಅಕ್ಕತಂಗಿ ಎಂದು. ಅದೇ ಬಾಂದ್ರಾದ ರೈಲುಹಳಿ ದಾಟಿ ಪೂರ್ವಕ್ಕೆ ಹೋದರೆ ಬೆಹ್ರಾಂಪಾಡಾದ ತಗಡಿನ ಮಾಡುಗಳು, ಅದರಾಚೆ ಜೌಗು ತುಂಬಿ ಕಟ್ಟಿದ ಕುರ್ಲಾ ಕಾಂಪ್ಲೆಕ್ಸಿನ ಗಾಜಿನ ಗೋಪುರಗಳು. ಅಲ್ಲಿ ಗಾಳಿಯೂ ಬೇರೆ, ನೀರು ನಿಲ್ಲುವ ರೀತಿಯೂ ಬೇರೆ. ಒಂದೇ ಪಿನ್‌ಕೋಡಿನ ಆಸುಪಾಸಿನಲ್ಲಿ ಎರಡು ಹವೆ.

ಇಂಥ ಹೋಲಿಕೆಯ ಹುಚ್ಚನ್ನು ಲೋಕ ಸಾಮಾನ್ಯವಾಗಿ ನಗುತ್ತದೆ. ಮಾತಾಡಲು ಬೇರೇನೂ ಇಲ್ಲದವರು ಹವೆಯ ಬಗ್ಗೆ ಮಾತಾಡುತ್ತಾರೆ ಎಂಬುದು ಒಂದು ಅಭಿಪ್ರಾಯ. ನಾನು ಅದನ್ನು ಒಪ್ಪುವುದಿಲ್ಲ. ನಿಮ್ಮಲ್ಲಿ ಎಷ್ಟು, ನಮ್ಮಲ್ಲಿ ಎಷ್ಟು ಎಂದು ಕೇಳಿ ಬರೆದಿಡುವ ಹವ್ಯಾಸದಷ್ಟು ಉಪಯುಕ್ತವಾದ ಹವ್ಯಾಸಗಳು ಕಡಿಮೆ. ಮುಂಬಯಿಯಂಥ ಊರಲ್ಲಂತೂ ಅದು ಜೀವ ಉಳಿಸುವ ಸಂಗತಿ. ಹಾಗೆಯೇ ಆ ಹವ್ಯಾಸದವರು, ನನ್ನನ್ನೂ ಸೇರಿಸಿ, ಬಹಳ ಸಲ ತಪ್ಪು ಅಂಕಿಯ ಹಿಂದೆ ಓಡುತ್ತೇವೆ ಎಂಬುದನ್ನೂ ಹೇಳಬೇಕಾಗಿದೆ.

ಮೊದಲು ಅಪ್ಪಯ್ಯನ ಡೈರಿಯ ವಿಷಯ. ಮಲೆನಾಡಿನ, ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ಮಳೆ ಬರೆದಿಡುವುದು ದೇವರಿಗೆ ದೀಪ ಹಚ್ಚಿದಷ್ಟೇ ಸಹಜ. ದೇಶವೆಲ್ಲ ಮಿಲಿಮೀಟರಿಗೆ ಹೋಗಿ ಎಷ್ಟೋ ದಶಕವಾದರೂ ತೋಟದವರು ಇಂಚು-ಸೆಂಟ್ ಬಿಟ್ಟಿಲ್ಲ. ಒಂದು ಇಂಚೆಂದರೆ 25.4 ಮಿಲಿಮೀಟರ್, ಅದರ ನೂರನೇ ಒಂದು ಪಾಲು ಸೆಂಟ್. ಅಪ್ಪಯ್ಯ ಅದನ್ನು ಹೆಮ್ಮೆಗೆ ಬರೆಯುತ್ತಿರಲಿಲ್ಲ. ಮಾರ್ಚಿಯಲ್ಲಿ ಹೂಮಳೆ ಒಂದು ಇಂಚಿನಷ್ಟು ಸರಿಯಾಗಿ ಬಿದ್ದರೆ ಕಾಫಿ ಒಟ್ಟಿಗೆ ಅರಳುತ್ತದೆ. ಅರೆಬರೆ ಬಿದ್ದರೆ ಮೊಗ್ಗು ಕೆಡುತ್ತದೆ. ಅದಾಗಿ ಎರಡು ಮೂರು ವಾರಕ್ಕೆ ಇನ್ನೊಂದು ಮಳೆ ಬರದಿದ್ದರೆ ಕಚ್ಚಿದ ಕಾಯಿ ನಿಲ್ಲುವುದಿಲ್ಲ. ಅಡಿಕೆಗೆ ಬೋರ್ಡೋ ಹೊಡೆಸಬೇಕಾದರೆ ಹಿಂದಿನ ವರ್ಷಗಳಲ್ಲಿ ಹೊಳವು ಯಾವಾಗ ಬಿಟ್ಟಿತ್ತು ಎಂದು ಡೈರಿ ತಿರುವಬೇಕು. ಆ ಡೈರಿಯಲ್ಲಿ ಇಂಚಿನ ಪಕ್ಕದಲ್ಲಿ ನಕ್ಷತ್ರವೂ ಇರುತ್ತಿತ್ತು. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ. ಆರಿದ್ರಾ ಆರದೆ ಹುಯ್ಯುತ್ತದೆ ಎಂಬ ಗಾದೆಯನ್ನು ಅಪ್ಪಯ್ಯ ಪೂರ್ತಿ ನಂಬುತ್ತಲೂ ಇರಲಿಲ್ಲ, ಬಿಡುತ್ತಲೂ ಇರಲಿಲ್ಲ. ಹುಯ್ದಿತೋ ಇಲ್ಲವೋ ಎಂದು ಬರೆದಿಡುತ್ತಿದ್ದರು, ಅಷ್ಟೆ.

ಈ ಸಂಸ್ಕಾರವನ್ನು ಕಟ್ಟಿಕೊಂಡು ಮುಂಬಯಿಗೆ ಬಂದ ನನಗೆ ಇಲ್ಲಿಯ ಎರಡು ಅಂಕಿಯ ಲೆಕ್ಕ ಮೊದಮೊದಲು ಸಾಕೆನಿಸಿತ್ತು. ಅಷ್ಟಕ್ಕೂ ಕೊಲಾಬಾದ ವೇಧಶಾಲೆ ಸಾಮಾನ್ಯದ್ದಲ್ಲ. 1826ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಶುರುಮಾಡಿದ್ದು. ನಮ್ಮ ಹವಾಮಾನ ಇಲಾಖೆ ಹುಟ್ಟಿದ್ದೇ 1875ರಲ್ಲಿ, ಅಂದರೆ ಇಲಾಖೆಗಿಂತ ವೇಧಶಾಲೆಗೆ ಸುಮಾರು ಅರ್ಧ ಶತಮಾನ ಹೆಚ್ಚು ವಯಸ್ಸು. (ಒಂದು ಸ್ವಾರಸ್ಯ: ಭೂಕಾಂತತೆಯನ್ನೂ ಅಲ್ಲೇ ಅಳೆಯುತ್ತಿದ್ದರು. ಮುಂಬಯಿಗೆ ವಿದ್ಯುತ್ ಟ್ರಾಮ್ ಬರುತ್ತದೆ, ಅದರ ಕರೆಂಟು ಸೂಜಿಯನ್ನು ಅಲ್ಲಾಡಿಸುತ್ತದೆ ಎಂದು ಆ ಕೆಲಸವನ್ನು 1904ರ ಹೊತ್ತಿಗೆ ಕೊಲ್ಲಿಯಾಚೆಯ ಅಲಿಬಾಗಿಗೆ ಸಾಗಿಸಿದರು. ಅಳತೆಯ ಬಗ್ಗೆ ಅಷ್ಟು ಕಾಳಜಿಯಿದ್ದ ಜನ.) ಇಂಥ ಕಡೆಯಿಂದ ಬಂದ ಅಂಕಿಯ ಮೇಲೆ ಅನುಮಾನ ಪಡುವುದಾದರೂ ಹೇಗೆ? ಅಂಕಿ ಸರಿಯಾಗಿಯೇ ಇತ್ತು. ಅದು ನಮ್ಮ ಮನೆಯ ಅಂಕಿಯಾಗಿರಲಿಲ್ಲ ಎಂಬುದು ಗೊತ್ತಾಗಲು 2005ರ ಜುಲೈ 26 ಬರಬೇಕಾಯಿತು.

ಅಂದು ನಾನು ಫೋರ್ಟಿನ ಕಚೇರಿಯಲ್ಲಿದ್ದೆ. ಮಧ್ಯಾಹ್ನ ಮೂರೂವರೆಗೆ ಮನೆಯಿಂದ ಫೋನು: ಗಲ್ಲಿಯಲ್ಲಿ ನೀರು ಸೊಂಟದ ಮಟ್ಟಕ್ಕೆ ಬಂದಿದೆ, ಕರೆಂಟಿಲ್ಲ, ಮಗು ಸ್ಕೂಲಿಂದ ಬಂದಿಲ್ಲ. ಕಿಟಕಿಯಿಂದ ಹೊರಗೆ ನೋಡಿದರೆ ಮಾಮೂಲಿ ಜುಲೈ ಮಳೆ. ಕೊಡೆ ಹಿಡಿದು ಚಹಾ ಕುಡಿಯಲು ಹೋಗಬಹುದಾದಂಥ ಮಳೆ. ಬೇಗ ಹೊರಡಬೇಕು ಎಂದಾಗ ಮೇಲಧಿಕಾರಿ ಕಿಟಕಿಯತ್ತ ಕೈ ತೋರಿಸಿ, "ಇಷ್ಟು ಮಳೆಗೆ?" ಎಂದರು. ಅವರದೂ ತಪ್ಪಲ್ಲ. ಅವರ ಕಣ್ಣೆದುರಿನ ಮುಂಬಯಿಯಲ್ಲಿ ಏನೂ ಆಗಿರಲಿಲ್ಲ. ರೈಲು ನಿಂತು, ಬಸ್ಸು ಮಾಹಿಮ್ ಹತ್ತಿರ ಕೆಟ್ಟು, ಕಾಸ್‌ವೇ ಮೇಲೆ ಮನುಷ್ಯರ ಸಾಲು ಹಿಡಿದು ನಡೆದು, ಅಪರಿಚಿತರು ಕೊಟ್ಟ ಪಾರ್ಲೆ ಬಿಸ್ಕತ್ತು ತಿಂದು ನಾನು ಮನೆ ತಲುಪಿದಾಗ ರಾತ್ರಿ ಹನ್ನೊಂದು ದಾಟಿತ್ತು. ಮಗು ಶಾಲೆಯ ಮೇಲಿನ ಮಹಡಿಯಲ್ಲಿ ಮೇಷ್ಟ್ರುಗಳ ಜೊತೆ ರಾತ್ರಿ ಕಳೆದು ಮರುದಿನ ಬಂತು. ಮೊಬೈಲುಗಳು ಅಷ್ಟರಲ್ಲಿ ಸತ್ತುಹೋಗಿದ್ದರಿಂದ ಆ ಸುದ್ದಿ ನಮಗೆ ಬೆಳಗಿನವರೆಗೆ ತಿಳಿಯಲಿಲ್ಲ.

ಆ ದಿನದ ಲೆಕ್ಕ ಎಲ್ಲರಿಗೂ ಬಾಯಿಪಾಠ. 24 ಗಂಟೆಯಲ್ಲಿ ಸಾಂತಾಕ್ರೂಜ್ 944 ಮಿಲಿಮೀಟರ್. ಬೆಂಗಳೂರಿಗೆ ಇಡೀ ವರ್ಷದಲ್ಲಿ ಬೀಳುವುದು ಸಾಮಾನ್ಯವಾಗಿ ಅಷ್ಟೇ ಚಿಲ್ಲರೆ. ಅದೇ ದಿನ, ಸುಮಾರು 24 ಕಿಲೋಮೀಟರ್ ದಕ್ಷಿಣಕ್ಕಿರುವ ಕೊಲಾಬಾದಲ್ಲಿ 73. ಒಂದೇ ಊರಿನ ಎರಡು ಅಧಿಕೃತ ಅಂಕಿಗಳ ನಡುವೆ ಹನ್ನೆರಡು ಪಟ್ಟಿಗೂ ಮೀರಿದ ಅಂತರ. ನಗರದಲ್ಲಿ 400ಕ್ಕೂ ಹೆಚ್ಚು ಜನ ಸತ್ತರು. ಎಷ್ಟೋ ಮಂದಿ ಕಾರಿನೊಳಗೆ ಉಸಿರುಕಟ್ಟಿ ಸತ್ತರು. ದಕ್ಷಿಣ ಮುಂಬಯಿಯ ಕಚೇರಿಗಳಿಂದ ಸಂಜೆ ಎಂದಿನಂತೆ ಮನೆ ಕಡೆ ಹೊರಟವರಿಗೆ ತಾವು ಯಾವ ಮಳೆಯೊಳಗೆ ಹೋಗುತ್ತಿದ್ದೇವೆ ಎಂದು ಹೇಳುವವರು ಇರಲಿಲ್ಲ. ಆ ಹೊತ್ತಿಗೆ ಗೋರೆಗಾಂವ್, ಅಂಧೇರಿ, ಕುರ್ಲಾದಲ್ಲಿ ಒಬ್ಬೊಬ್ಬರು ಮಹಡಿಯ ಡಬ್ಬಿ ನೋಡಿ, ಗಂಟೆಗೆ ಇಷ್ಟು ಬೀಳುತ್ತಿದೆ ಎಂದು ಒಬ್ಬರಿಗೊಬ್ಬರು ತಿಳಿಸುವ ವ್ಯವಸ್ಥೆ ಇದ್ದಿದ್ದರೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಮಳೆ ನಿಲ್ಲುತ್ತಿರಲಿಲ್ಲ, ನಿಜ. ನನ್ನ ಮೇಲಧಿಕಾರಿ ಕಿಟಕಿ ನೋಡಿ ಮಾತಾಡುತ್ತಿರಲಿಲ್ಲ.

ಇದಕ್ಕೆ ತಿರುಗಾಮುರುಗಾ ಆದ ದಿನವೂ ಇದೆ. 2025ರಲ್ಲಿ ಮುಂಗಾರು ಮೇ 26ಕ್ಕೇ ಮುಂಬಯಿಗೆ ಬಂತು. ವಾಡಿಕೆಯ ದಿನ ಜೂನ್ 11. ಅದಕ್ಕೆ ಮೊದಲಿನ ದಾಖಲೆ ಮೇ 29, 1956ರದು. ಆ ತಿಂಗಳು ಕೊಲಾಬಾದಲ್ಲಿ 295 ಮಿಲಿಮೀಟರ್ ಬಿದ್ದು 1918ರ ಮೇ ತಿಂಗಳ ದಾಖಲೆ ಮುರಿಯಿತು. ಅವತ್ತು ಧೋ ಎಂದು ಸುರಿದದ್ದು ದಕ್ಷಿಣದಲ್ಲಿ, ವರ್ಲಿಯ ಹೊಸ ಭೂಗತ ಮೆಟ್ರೋ ನಿಲ್ದಾಣಕ್ಕೆ ನೀರು ನುಗ್ಗಿತು. ಸಾಂತಾಕ್ರೂಜ್ ಪಾಲಿಗೆ ಬಂದದ್ದು ಅದರ ಚೂರು. ಉಪನಗರದವರು ಟಿವಿ ನೋಡಿ ಬೆರಗಾದರು. ಅಂದರೆ ಸಾಂತಾಕ್ರೂಜ್‌ಗೆ ಯಾವಾಗಲೂ ಹೆಚ್ಚು, ಕೊಲಾಬಾಗೆ ಯಾವಾಗಲೂ ಕಡಿಮೆ ಎಂಬ ಸೂತ್ರವೂ ಇಲ್ಲಿ ನಡೆಯುವುದಿಲ್ಲ. ನಾಲ್ಕು ತಿಂಗಳ ಸರಾಸರಿಯಲ್ಲಿ ಕೊಲಾಬಾಕ್ಕೆ ಸುಮಾರು 2,100, ಸಾಂತಾಕ್ರೂಜ್‌ಗೆ 2,300 ಚಿಲ್ಲರೆ ಮಿಲಿಮೀಟರ್. ಸರಾಸರಿ ನೋಡಿದರೆ ಇಬ್ಬರೂ ನೆರೆಹೊರೆಯವರು, ದಿನದ ಲೆಕ್ಕದಲ್ಲಿ ಬೇರೆ ದೇಶದವರು.

2005ರ ನಂತರ ಮಹಾನಗರಪಾಲಿಕೆ ಅಗ್ನಿಶಾಮಕ ಠಾಣೆ, ವಾರ್ಡ್ ಕಚೇರಿಗಳ ಮೇಲೆ ತಾನೇ ಅಳೆದು ತಾನೇ ಕಳಿಸುವ ಹವಾಮಾನ ಕೇಂದ್ರಗಳನ್ನು ಕೂರಿಸಿತು. ಜೋಗೇಶ್ವರಿಯ ವೆರಾವಲಿ ಗುಡ್ಡದ ಮೇಲೆ 2022ರ ಜನವರಿಯಲ್ಲಿ ಎರಡನೇ ಡಾಪ್ಲರ್ ರೇಡಾರ್ ಬಂತು. ಪ್ರವಾಹದ ಮುನ್ಸೂಚನೆಗೆಂದು ಐಫ್ಲೋಸ್ ಎಂಬ ವ್ಯವಸ್ಥೆ 2020ರಲ್ಲಿ ಶುರುವಾಯಿತು. ಇವೆಲ್ಲ ಆಗಬೇಕಾದ್ದೇ, ಆಗಿವೆ. ಆದರೂ ಸಂಜೆ ಸುದ್ದಿ ಹಾಕಿದರೆ ಮತ್ತೆ ಅದೇ ಎರಡು ಹೆಸರು. ಶಾಲೆಗೆ ರಜೆ ಇಡೀ ಊರಿಗೆ ಒಂದೇ. ಕೊಡುವುದಾದರೆ ಎಲ್ಲರಿಗೂ, ಇಲ್ಲವಾದರೆ ಯಾರಿಗೂ ಇಲ್ಲ. ವಾಡಿಕೆಯ ಜಡತ್ವ ಯಂತ್ರಗಳಿಂದ ಹೋಗುವುದಿಲ್ಲ.

ನಾನು ಮೂರು ವರ್ಷದ ಹಿಂದೆ ಒಂದು ಮಳೆಮಾಪಕ ತಂದು ನಮ್ಮ ಸೊಸೈಟಿಯ ಮಹಡಿಯ ಮೇಲಿಟ್ಟೆ. ಕಾರ್ಯದರ್ಶಿಗಳಿಗೆ ಅದು ಡೆಂಗಿ ಸೊಳ್ಳೆ ಸಾಕುವ ಡಬ್ಬಿಯಂತೆ ಕಂಡಿತು. ದಿನಾ ಖಾಲಿ ಮಾಡುತ್ತೇನೆ ಎಂದು ಬರೆದುಕೊಟ್ಟ ಮೇಲೆ ಒಪ್ಪಿದರು. ನಿಯಮದ ಪ್ರಕಾರ ಅದು ನೆಲದ ಮೇಲೆ, ಬಯಲಿನಲ್ಲಿ, ಸುತ್ತಲಿನ ಗೋಡೆ-ಮರಗಳ ಎತ್ತರದ ಎರಡು ಪಟ್ಟಾದರೂ ದೂರದಲ್ಲಿ ಇರಬೇಕು. ಬಾಂದ್ರಾದಲ್ಲಿ ಅಂಥ ಬಯಲಿಗೆ ಎಷ್ಟು ಕೋಟಿ ಎಂದು ನಿಮಗೆ ಹೇಳಬೇಕಿಲ್ಲ. ಮಹಡಿಯ ಮೇಲೆ ಗಾಳಿ ಜೋರು, ಹನಿ ಅಡ್ಡಡ್ಡ ಹಾರಿ ಡಬ್ಬಿಯ ಬಾಯಿ ತಪ್ಪುತ್ತದೆ, ಹಾಗಾಗಿ ನನ್ನ ಲೆಕ್ಕ ನಿಜಕ್ಕಿಂತ ಕೊಂಚ ಕಡಿಮೆಯೇ. ಇದನ್ನು ನಾನು ಒಪ್ಪಿಕೊಳ್ಳುತ್ತೇನೆ. ಹವ್ಯಾಸಿಗಳ ಅಳತೆಯಲ್ಲಿ ದೋಷವಿದೆ ಎಂದು ಹೇಳುವ ವಿಜ್ಞಾನಿಗಳ ಮಾತೂ ಸರಿಯೇ. ಆದರೆ ದೋಷ ಗೊತ್ತಿರುವ ಐವತ್ತು ಅಳತೆಗಳು ಅಳತೆಯೇ ಇಲ್ಲದ್ದಕ್ಕಿಂತ ಮೇಲು. ಬೆಳಗ್ಗೆ ಎಂಟೂವರೆಗೆ ನೋಡುವ ಶಿಸ್ತೂ ಬಂತು. ಇಲಾಖೆಯ ದಿನ ಮುಗಿಯುವುದು ಎಂಟೂವರೆಗೆ, ರಾತ್ರಿ ಹನ್ನೆರಡಕ್ಕಲ್ಲ. ಇದು ಗೊತ್ತಿಲ್ಲದೆ "ನಿನ್ನೆ ಅಷ್ಟು ಸುರಿಯಿತು, ಇವರು ಸೊನ್ನೆ ಬರೆದಿದ್ದಾರೆ" ಎಂದು ಜಗಳ ಆಡುವವರನ್ನು ದಿನಾ ನೋಡುತ್ತೇನೆ. 944 ಕೂಡ ಇಲಾಖೆಯ ಪುಸ್ತಕದಲ್ಲಿ ಬೀಳುವುದು 27ರ ಬೆಳಗಿಗೆ.

ಮೊದಲ ವರ್ಷದಲ್ಲೇ ತಿಳಿದದ್ದು, ನನ್ನ ಡಬ್ಬಿಯ ಲೆಕ್ಕ ಒಮ್ಮೊಮ್ಮೆ ಕೊಲಾಬಾ ಮತ್ತು ಸಾಂತಾಕ್ರೂಜ್ ಎರಡಕ್ಕಿಂತಲೂ ಹೆಚ್ಚು, ಒಮ್ಮೊಮ್ಮೆ ಎರಡಕ್ಕಿಂತಲೂ ಕಡಿಮೆ. ನಡುವೆ ಇರುವವರಿಗೆ ನಡುವಿನ ಅಂಕಿ ಬರಬೇಕೆಂಬ ನನ್ನ ಊಹೆ ಗಾಳಿಗೆ ಹೋಯಿತು. ಮುಂಗಾರಿನ ಮೋಡ ಕಡಲಿಂದ ಪಟ್ಟಿಪಟ್ಟಿಯಾಗಿ ಬರುತ್ತದೆ. ಒಂದು ಪಟ್ಟಿ ಖಾರ್ ಮೇಲೆ ಸುರಿದು ಹೋದರೆ ಪಾಲಿ ಹಿಲ್‌ನವರಿಗೆ ಬರೀ ತಂಗಾಳಿ.

ಚಳಿಯ ಮಾತಿಗೆ ಬಂದರೆ, ಬೆಂಗಳೂರಿನ ಅಕ್ಕನ ಜೊತೆ ನನಗೊಂದು ಹಳೇ ಪಂದ್ಯವಿದೆ. ನಿಮ್ಮ ಮುಂಬಯಿಯಲ್ಲಿ ಸ್ವೆಟರ್ ಅಂಗಡಿ ಯಾಕಿದೆ ಎಂದು ಅವಳು ಪ್ರತಿ ಡಿಸೆಂಬರ್‌ನಲ್ಲಿ ಕೇಳುತ್ತಾಳೆ. ಅವಳಿಗೆ ನಾನು ಕೊಟ್ಟ ಉತ್ತರ ಅವಳಿಗಿನ್ನೂ ಜೀರ್ಣವಾಗಿಲ್ಲ: ಬೆಂಗಳೂರು ನಗರದ ಸಾರ್ವಕಾಲಿಕ ಕನಿಷ್ಠ 7.8 ಡಿಗ್ರಿ, 1884ರ ಜನವರಿ 13ರದು. ಸಾಂತಾಕ್ರೂಜ್‌ನದು 7.4, 1962ರ ಜನವರಿ 22ರದು. ದಾಖಲೆಯ ಮಾತಾದರೆ ಮುಂಬಯಿಯೇ ಬೆಂಗಳೂರಿಗಿಂತ ತಣ್ಣಗೆ! ಈ ಗೆಲುವು ಪೂರಾ ಪೊಳ್ಳು ಎಂದು ನನಗೂ ಗೊತ್ತು. ಉತ್ತರದ ಒಣ ಗಾಳಿ ನುಗ್ಗಿ ಬಂದ ಒಂದು ಅಪರೂಪದ ರಾತ್ರಿ, ಒಳನಾಡಿನಂತೆ ಬೇಗ ತಣಿಯುವ ವಿಮಾನ ನಿಲ್ದಾಣದ ಬಯಲು. ಅದೇ ಅಲೆಯಲ್ಲಿ ಮೂರು ದಿಕ್ಕಿಗೆ ಕಡಲಿರುವ ಕೊಲಾಬಾ 11.7ಕ್ಕಿಂತ ಕೆಳಗಿಳಿಯಲಿಲ್ಲ. ಆದರೂ ಅಕ್ಕನನ್ನು ಸುಮ್ಮನಾಗಿಸುವ ಸುಖ ಬೇರೆಯೇ.

ಇಲ್ಲೇ ನಮ್ಮಂಥವರ ರೋಗವೂ ಇದೆ. ನಮಗೆ ದಾಖಲೆಯ ಚಟ. ಆಗುಂಬೆ ದಕ್ಷಿಣದ ಚಿರಾಪುಂಜಿ ಎಂದು ಶಾಲೆಯಲ್ಲಿ ಕಲಿತವರು ನಾವು. ಆಮೇಲೆ ಹುಲಿಕಲ್‌ನಲ್ಲಿ ಮಾಪಕ ಇಟ್ಟಾಗ ಅಲ್ಲಿ ಹೆಚ್ಚು ಬಂತು, ಖಾನಾಪುರದ ಕಾಡಿನ ಅಮಗಾಂವ್‌ನಲ್ಲಿ ಇಟ್ಟಾಗ ಅಲ್ಲೂ ಆಗುಂಬೆಯನ್ನು ಮೀರಿದ ವರ್ಷಗಳು ಬಂದವು. ಮಳೆ ಮೊದಲೂ ಬೀಳುತ್ತಿತ್ತು, ಡಬ್ಬಿ ಇರಲಿಲ್ಲ. ಆದರೂ "ಆಗುಂಬೆಯ ಪಟ್ಟ ಹೋಯಿತು" ಎಂದು ನಾವು ಮರುಗುತ್ತೇವೆ, ಅದೇನೋ ಕ್ರಿಕೆಟ್ ಸೋತ ಹಾಗೆ. ಇನ್ನೂ ಕೆಟ್ಟದ್ದು 2024ರ ಮೇ 29ರಂದು ನಡೆದದ್ದು. ದೆಹಲಿಯ ಮುಂಗೇಶಪುರದ ಸ್ವಯಂಚಾಲಿತ ಕೇಂದ್ರ 52.9 ಡಿಗ್ರಿ ತೋರಿಸಿತು. ಗಂಟೆಯೊಳಗೆ ದೇಶದ ಎಲ್ಲ ಹವಾಮಾನಪ್ರಿಯರ ಫೋನುಗಳಲ್ಲಿ ಅದೇ ಅಂಕಿ. ನಾನೂ ಮೂರು ಕಡೆ ಹಂಚಿದೆ. ಸಂವೇದಕ ಮೂರು ಡಿಗ್ರಿಯಷ್ಟು ಹೆಚ್ಚು ತೋರಿಸುತ್ತಿತ್ತು ಎಂದು ಇಲಾಖೆ ಆಮೇಲೆ ಹೇಳಿತು. ಅದನ್ನು ಎಷ್ಟು ಜನ ಹಂಚಿದರು? ನಾನು ಹಂಚಲಿಲ್ಲ. ಸುತ್ತಲಿನ ಕೇಂದ್ರಗಳಲ್ಲಿ ಎಷ್ಟಿದೆ ಎಂದು ನೋಡುವುದಕ್ಕೇ ತಾನೆ ಹೋಲಿಕೆ ಇರುವುದು? ಅದನ್ನೇ ನಾವು ಮರೆತಿದ್ದೆವು.

ದಾಖಲೆಯ ಹಿಂದೆ ಓಡಿದರೆ ಕೊಲ್ಲುವ ಅಂಕಿ ಕಾಣುವುದೇ ಇಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್ಘರ್ ಬಯಲಿನಲ್ಲಿ ಪ್ರಶಸ್ತಿ ಸಮಾರಂಭಕ್ಕೆ ಲಕ್ಷಾಂತರ ಜನ ಸೇರಿದ್ದರು. ಬಿಸಿಲಿಗೆ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಂದಿನ ಉಷ್ಣಾಂಶ 38ರ ಆಸುಪಾಸು. ಕಲಬುರ್ಗಿಯವರು ಅದನ್ನು ಕೇಳಿದರೆ ನಗುತ್ತಾರೆ. ಆದರೆ ಕಲಬುರ್ಗಿಯ ಒಣ ಗಾಳಿಯಲ್ಲಿ ಬೆವರು ಆರುತ್ತದೆ, ಆರುವಾಗ ಮೈ ತಣಿಯುತ್ತದೆ. ಕರಾವಳಿಯ ತೇವದ ಗಾಳಿ ಬೆವರನ್ನು ಕುಡಿಯುವುದಿಲ್ಲ. ಬೆವರು ಸುರಿಯುತ್ತದೆ, ಮೈಯೊಳಗಿನ ಬಿಸಿ ಅಲ್ಲೇ ಇರುತ್ತದೆ. ಅದಕ್ಕೇ ಬಯಲುಸೀಮೆಗೆ 40 ಡಿಗ್ರಿ ಇಟ್ಟಿರುವ ಬಿಸಿಗಾಳಿಯ ಮಿತಿಯನ್ನು ಕರಾವಳಿಗೆ 37ಕ್ಕೆ ಇಳಿಸಿದ್ದಾರೆ, ಜೊತೆಗೆ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಏರಿರಬೇಕು ಎಂಬ ಷರತ್ತು. ಮಾರ್ಚ್-ಏಪ್ರಿಲ್‌ನಲ್ಲಿ ಪೂರ್ವದ ಗಾಳಿ ಜೋರಾಗಿ, ಕಡಲ ಗಾಳಿ ಒಳಗೆ ಬರುವುದು ಮಧ್ಯಾಹ್ನದವರೆಗೆ ತಡವಾದರೆ ಸಾಂತಾಕ್ರೂಜ್ ನಲವತ್ತರ ಹತ್ತಿರ ಹೋಗುತ್ತದೆ. 1952ರ ಏಪ್ರಿಲ್‌ನಲ್ಲಿ ಅಲ್ಲಿ 42.2 ಆಗಿತ್ತು. ಅಂಥ ದಿನ ಕಾರ್ಟರ್ ರೋಡಿನ ಬೆಂಚಿನ ಮೇಲೆ ಕೂತವರಿಗೆ ಹೇಗೂ ಸಂಜೆಗೆ ಗಾಳಿ ಸಿಗುತ್ತದೆ. ಹಳಿಯಾಚೆಯ ತಗಡಿನ ಕೆಳಗೆ ಮಲಗುವವರಿಗೆ ರಾತ್ರಿ ಎರಡಕ್ಕೂ ಸಿಗುವುದಿಲ್ಲ. ಹುಲ್ಲಿನ ಮೇಲೆ, ನೆರಳಿನ ಬಿಳಿ ಪೆಟ್ಟಿಗೆಯಲ್ಲಿ, ಆಳೆತ್ತರಕ್ಕೂ ಕೆಳಗೆ ತೂಗಿದ ಥರ್ಮಾಮೀಟರ್ ಶಾಸ್ತ್ರಕ್ಕೆ ಸರಿ. ಆ ಪೆಟ್ಟಿಗೆಯೊಳಗೆ ಯಾರೂ ಸಂಸಾರ ಮಾಡುವುದಿಲ್ಲ.

ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ಯಾದಗಿರಿ ಕಡೆಯವಳು. ಮುಂಬಯಿಯ ರೂಢಿಯಂತೆ ನಾನು 'ಬಾಯಿ' ಎನ್ನುತ್ತೇನೆ, ಅವಳು ನನ್ನನ್ನು 'ಅಕ್ಕಾರ' ಎನ್ನುತ್ತಾಳೆ. ಬಾಂದ್ರಾ ಪೂರ್ವದಲ್ಲಿ ನಾಲೆಯ ಪಕ್ಕದ ಖೋಲಿ. ನಾನು ಮಹಡಿಯಿಂದ ಡಬ್ಬಿ ನೋಡಿ ಇಳಿದು ಬರುವುದನ್ನು ಎರಡು ವರ್ಷ ನೋಡಿ, ಒಂದು ದಿನ ತಡೆಯಲಾರದೆ ಕೇಳಿದಳು.

"ಡಬ್ಬ್ಯಾಗ ಎಷ್ಟ ಬಂತ್ರಿ ಅಕ್ಕಾರ?"

"ಎಂಬತ್ತು ಮಿಲಿಮೀಟರ್."

"ಅದು ಭಾಳೇನ್ರಿ?"

ದಿನವಿಡೀ ಬಿದ್ದರೆ ಭಾಳಲ್ಲ, ಒಂದು ತಾಸಿನಲ್ಲಿ ಬಿದ್ದರೆ ಭಾಳ ಎಂದೆ. ಹೇಳಿದ ಮೇಲೆ ನನಗೇ ಹೊಳೆಯಿತು, ಇಷ್ಟು ದಿನ ನಾನು ಬರೆದಿಡುತ್ತಿದ್ದುದು ಅವಳಿಗೆ ಉಪಯೋಗವಿಲ್ಲದ ಅಂಕಿ ಎಂದು. ಮುಂಬಯಿಯ ಹಳೆಯ ಮಳೆನೀರು ಚರಂಡಿಗಳನ್ನು ಕಟ್ಟಿದ್ದು ಗಂಟೆಗೆ 25 ಮಿಲಿಮೀಟರ್ ಲೆಕ್ಕದಲ್ಲಿ. ಬ್ರಿಮ್‌ಸ್ಟೊವ್ಯಾಡ್ ಎಂಬ ಯೋಜನೆಯ ವರದಿ 1993ರಲ್ಲಿ ಬಂತು, ಅದನ್ನು 50ಕ್ಕೆ ಏರಿಸುವ ಕೆಲಸ ಹಿಡಿದದ್ದು 2005 ಆದ ಮೇಲೆ. ಅದಕ್ಕಿಂತ ಜೋರಾಗಿ ಬಿದ್ದರೆ ನೀರು ನಿಂತೇ ನಿಲ್ಲುತ್ತದೆ. ಅದರ ಮೇಲೆ ಕಡಲಲ್ಲಿ ಭರತ ಇದ್ದರೆ ಮೀಠಿ ನದಿಯ ನೀರು ಮಾಹಿಮ್ ಕೊಲ್ಲಿಯಿಂದ ಹೊರಗೆ ಹೋಗಲಾರದೆ ಹಿಂದಕ್ಕೆ ಒತ್ತುತ್ತದೆ. ವಿಹಾರ್, ಪವಾಯಿ ಕೆರೆಗಳ ಕೋಡಿ ಹರಿದು ಬರುವ ನದಿ ಅದು. 18 ಕಿಲೋಮೀಟರ್ ಹರಿದು ಬಂದ ಮೇಲೆ ಬಾಗಿಲಲ್ಲಿ ತಡೆದರೆ ಎಲ್ಲಿಗೆ ಹೋದೀತು? ಅಂದರೆ ಬಾಯಿಗೆ ಬೇಕಾದ್ದು ಎಂಟೂವರೆಯ ಒಟ್ಟು ಲೆಕ್ಕವಲ್ಲ. ಈ ತಾಸಿನಲ್ಲಿ ಎಷ್ಟು, ಕಡಲು ಏರುತ್ತಿದೆಯೋ ಇಳಿಯುತ್ತಿದೆಯೋ, ಮೇಲೆ ಕುರ್ಲಾದಲ್ಲಿ ಏನಾಗುತ್ತಿದೆ, ಇವು ಮೂರು.

ನನ್ನ ಕೇಳಿಕೆ ದೊಡ್ಡದೇನಲ್ಲ. ಕರ್ನಾಟಕದಲ್ಲಿ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕ ಇಟ್ಟಿದೆ, ಆರು ಸಾವಿರಕ್ಕೂ ಹೆಚ್ಚು. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಶುರುವಾದ ಸಂಸ್ಥೆ ಅದು. ರೈತ ಫೋನು ಮಾಡಿ ತನ್ನ ಹೋಬಳಿಯ ಮಳೆ ಕೇಳಿದರೆ 'ವರುಣಮಿತ್ರ' ಸಹಾಯವಾಣಿಯಲ್ಲಿ ಕನ್ನಡದಲ್ಲಿ ಉತ್ತರ ಸಿಗುತ್ತದೆ. ಅಣ್ಣ ಅದನ್ನು ಬಳಸುತ್ತಾನೆ, ಬೈಯುತ್ತಾನೆ, ತನ್ನ ಡಬ್ಬಿಯ ಜೊತೆ ಹೋಲಿಸುತ್ತಾನೆ. ಅದು ಆರೋಗ್ಯಕರ ಸಂಬಂಧ. ಹಳ್ಳಿಯ ಅಡಿಕೆಗೆ ಇಷ್ಟು ಹತ್ತಿರದ ಅಂಕಿ ಸಿಗುವುದಾದರೆ, ಒಂದೊಂದು ವಾರ್ಡಿನಲ್ಲಿ ಲಕ್ಷಗಟ್ಟಲೆ ಜನ ಇರುವ ಮುಂಬಯಿಗೆ ಯಾಕೆ ಬೇಡ? ಹೊಸ ಕಟ್ಟಡಕ್ಕೆ ಪರವಾನಗಿ ಕೊಡುವಾಗ ಮಳೆನೀರು ಕೊಯ್ಲು ಕಡ್ಡಾಯ ಮಾಡುತ್ತೀರಿ, ಅದರ ಜೊತೆ ಒಂದು ಮಾಪಕವನ್ನೂ ಇಡಿಸಿ. ಪಾಲಿಕೆಯ ಶಾಲೆಗಳ ಮಹಡಿಗಳಿವೆ, ಏಳನೇ ಕ್ಲಾಸಿನ ಮಕ್ಕಳು ನಮ್ಮಂಥ ಮುದುಕಿಯರಿಗಿಂತ ಚೆನ್ನಾಗಿ ಅಳೆಯುತ್ತಾರೆ. ಇವತ್ತಿನ ಅಂಕಿಯನ್ನು ಪರದೆ ಮೇಲೆ ತೋರಿಸಿದರಷ್ಟೇ ಸಾಲದು, ಹತ್ತು ವರ್ಷದ ಗಂಟೆಗಂಟೆಯ ಲೆಕ್ಕ ಯಾರು ಕೇಳಿದರೂ ಅರ್ಜಿಯಿಲ್ಲದೆ ಸಿಗಬೇಕು. ನಾಲೆಯ ಗೋಡೆಗೆ ದೊಡ್ಡ ಅಂಕಿಯ ಮಟ್ಟಪಟ್ಟಿ ಬಳಿಯುವುದಕ್ಕೆ ಒಂದು ಡಬ್ಬಿ ಬಣ್ಣ ಸಾಕು. ಮಲೆನಾಡಿನ ಎಷ್ಟೋ ಸೇತುವೆಗಳ ಕಂಬದ ಮೇಲೆ ಅದು ಇದೆ, ಸಂಜೆ ಹೊಳೆ ನೋಡಲು ಹೋದವರು ಅದನ್ನೇ ಓದಿ ಬಂದು ಊಟಕ್ಕೆ ಕೂರುತ್ತಾರೆ.

ನಗರದ ತಾಪವನ್ನೂ ಹೀಗೆಯೇ ಅಳೆಯಬೇಕೆಂಬ ಆಸೆ ನನಗಿದೆ. ಬಾಯಿಯ ಖೋಲಿಯಲ್ಲಿ ಒಂದು ಅಗ್ಗದ ತಾಪ-ತೇವ ಮಾಪಕ ಇಟ್ಟು ನೋಡೋಣವೆಂದೆ. "ಸೆಕಿ ಐತಿ ಅಂತ ಹೇಳಾಕ ಮಿಶನ್ ಯಾಕ್ರಿ?" ಎಂದಳು. ಉತ್ತರ ತೋಚಲಿಲ್ಲ. ಅವಳಿಗೆ ಹೇಳುವುದಕ್ಕಲ್ಲ, ಬೇರೆಯವರಿಗೆ ಹೇಳುವುದಕ್ಕೆ ಎಂದು ಆಮೇಲೆ ತೋಚಿತು.

ಕಳೆದ ಮಳೆಗಾಲದ ಒಂದು ಬೆಳಗ್ಗೆ ಅವಳು ತಡವಾಗಿ ಬಂದಳು. ರಾತ್ರಿ ನಾಲೆ ಉಕ್ಕಿತ್ತು. ಗ್ಯಾಸಿನ ಒಲೆಯನ್ನು ಮಂಚದ ಮೇಲಿಟ್ಟು, ಮಕ್ಕಳನ್ನು ಮಾಳಿಗೆಗೆ ಹತ್ತಿಸಿ, ತಾನು ಬಾಗಿಲಲ್ಲಿ ಕೂತು ಕಾದಳಂತೆ. ಖೋಲಿಗೆ ಮೂರು ಮೆಟ್ಟಿಲು. ನೀರು ಎರಡನೆಯದನ್ನು ಮುಳುಗಿಸಿ, ಮೂರನೆಯದರ ಅಂಚಿಗೆ ಬಂದು, ನಾಲ್ಕು ಗಂಟೆಯ ಹೊತ್ತಿಗೆ ಇಳಿಯಿತು. ಭರತ-ಇಳಿತದ ಪಟ್ಟಿ ತೆಗೆದು ನೋಡಿದೆ. ಅವಳು ಹೇಳಿದ ಹೊತ್ತು ಸರಿಯಾಗಿ ಹೊಂದುತ್ತಿತ್ತು.

ಆ ದಿನ ಎಂಟೂವರೆಗೆ ಅಣ್ಣ ಎಂದಿನಂತೆ ಕೇಳಿದಾಗ ನಾನು ಎರಡು ಅಳತೆ ಬರೆದೆ. ಬಾಂದ್ರಾ ಪಶ್ಚಿಮ, ಮಹಡಿ: ಮಿಲಿಮೀಟರಿನಲ್ಲಿ. ಬಾಂದ್ರಾ ಪೂರ್ವ, ನಾಲೆ: ಎರಡು ಮೆಟ್ಟಿಲು ಪೂರ್ತಿ, ಮೂರನೆಯದರ ಅಂಚು.

"ಒಂದು ಮೆಟ್ಟಿಲು ಅಂದ್ರೆ ಎಷ್ಟು ಇಂಚು ಮಾರಾಯ್ತಿ?" ಎಂದು ಅಣ್ಣ ಕೇಳಿದ.

ಬಾಯಿಯನ್ನು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಮರುದಿನ ಬರುವಾಗ ಸೆರಗಿನ ತುದಿಯಲ್ಲಿ ಒಂದು ದಾರ ಕಟ್ಟಿಕೊಂಡು ಬಂದಳು, ಮೆಟ್ಟಿಲಿಗೊಂದರಂತೆ ಮೂರು ಗಂಟು. ಮಗನ ಸ್ಕೇಲಿಗೆ ಹಿಡಿದು ನೋಡಿದೆವು. ಮೂರೂ ಒಂದೇ ಅಳತೆಯವಲ್ಲ, ಮೇಲಿನದು ಗಿಡ್ಡ. "ಹೋದ ವರ್ಷ ನಾವ ಸಿಮೆಂಟ್ ಹಾಕಿದ್ದು ರಿ ಅದು" ಎಂದಳು.